ರೇಡಿಯೇಷನ್ ಜೊತೆಗೇ ಬೆವಾಸಿಜುಮ್ಯಾಬ್ ಕೊಡಿಸಬೇಕೇ?

ಪ್ರಶ್ನೆ:
ನನ್ನ ಸೋದರಮಾವನವರಿಗೆ 58 ವರ್ಷ. ಮೂರು ವಾರಗಳ ಹಿಂದೆ ಮೆದುಳಿನ ಗೆಡ್ಡೆಗೆ ಆಪರೇಷನ್ ಆಗಿದ್ದು, ಬಯಾಪ್ಸಿಯಲ್ಲಿ ಗ್ಲಿಯೊಬ್ಲಾಸ್ಟೋಮಾ (ವೇಗವಾಗಿ ಬೆಳೆಯುವ ಮೆದುಳಿನ ಕ್ಯಾನ್ಸರ್) ಎಂದು ಬಂದಿದೆ. ಮುಂದಿನ ವಾರದಿಂದ ಆರು ವಾರ ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್ ಎಂಬ ಕೀಮೋ ಮಾತ್ರೆ. ರೇಡಿಯೇಷನ್ ವೇಳೆ ತಲೆ ಅಲುಗದಂತೆ ಹಿಡಿಯುವ ಮಾಸ್ಕ್‌ನ ಅಳತೆಯೂ ಆಗಿದೆ. ಗೆಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮ್ಯಾಬ್ ಇಂಜೆಕ್ಷನ್ನನ್ನು ಈಗಲೇ ಕೊಡಿಸಿ ಎಂದು ಬಂಧುಗಳು ಒತ್ತಾಯಿಸುತ್ತಿದ್ದಾರೆ, ವೈದ್ಯರು ಈಗ ಬೇಡ ಎನ್ನುತ್ತಾರೆ. ರಕ್ತನಾಳ ಕಡಿಮೆಯಾದರೆ ಆಮ್ಲಜನಕವೂ ಕಡಿಮೆಯಾಗಿ ರೇಡಿಯೇಷನ್ನಿನ ಪರಿಣಾಮ ಕುಗ್ಗಬೇಕಲ್ಲವೇ? ಹಾಗಿದ್ದರೆ ಇವೆರಡನ್ನು ಕೂಡಿಸುವ ಯೋಚನೆ ಹುಟ್ಟಿದ್ದಾದರೂ ಹೇಗೆ?

ಉತ್ತರ 1:
ನಾನು ರೇಡಿಯೇಷನ್ ವಿಭಾಗದ ವೈದ್ಯೆ. ತಮ್ಮ ಸಂದೇಹಕ್ಕೆ ಆಧಾರವಿದೆ: ಆಮ್ಲಜನಕವಿಲ್ಲದ ಜೀವಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕಾಗುತ್ತದೆ. ರಕ್ತನಾಳ ತಡೆದು ಗೆಡ್ಡೆಯನ್ನು ಸೊರಗಿಸಬಹುದೆಂಬ ವಿಚಾರವನ್ನು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲೇ ಮಂಡಿಸಿದ್ದರು. ಆದರೆ ಗೆಡ್ಡೆಯ ರಕ್ತನಾಳಗಳು ಅಂಕುಡೊಂಕಾಗಿ, ಸೋರುತ್ತಾ ಇರುವುದರಿಂದ ಅವುಗಳಲ್ಲಿ ರಕ್ತ ಸರಿಯಾಗಿ ಹರಿಯುವುದೇ ಇಲ್ಲ; ಔಷಧದಿಂದ ಅವು ಕೆಲವು ದಿನಗಳ ಮಟ್ಟಿಗೆ ನೆಟ್ಟಗಾಗಿ, ಆಮ್ಲಜನಕ ಹೆಚ್ಚು ತಲುಪಬಹುದೆಂದು ಕ್ಯಾನ್ಸರ್ ಸಂಶೋಧಕ ರಾಕೇಶ್ ಜೈನ್ 2001ರಲ್ಲಿ ವಾದಿಸಿದರು. ಆ ಅವಧಿಯಲ್ಲಿ ರೇಡಿಯೇಷನ್ ಕೊಟ್ಟರೆ ಲಾಭವೆಂಬುದೇ ಈ ಜೋಡಣೆಯ ಮೂಲ.

ವಿಚಾರ ಸೊಗಸಾಗಿದೆ, ಆದರೆ ರೋಗಿಗಳಲ್ಲಿ ಫಲ ಹಾಗೆ ಬರಲಿಲ್ಲ. 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ, ಹೊಸದಾಗಿ ಪತ್ತೆಯಾದ ಗ್ಲಿಯೊಬ್ಲಾಸ್ಟೋಮಾ ಇರುವ ಒಟ್ಟು 1,500ಕ್ಕೂ ಹೆಚ್ಚು ಜನರಿಗೆ ರೇಡಿಯೇಷನ್ ಮತ್ತು ಟೆಮೊಜೊಲೊಮೈಡ್ ಜೊತೆ ಬೆವಾಸಿಜುಮ್ಯಾಬ್ ಅಥವಾ ಔಷಧವಿಲ್ಲದ ಇಂಜೆಕ್ಷನ್ ಕೊಡಲಾಯಿತು. ಅವುಗಳಲ್ಲೊಂದಾದ ಅವಾಗ್ಲಿಯೊದಲ್ಲಿ ರೋಗ ಮುಂದುವರಿಯದೆ ಇದ್ದ ಅವಧಿ 6.2ರಿಂದ 10.6 ತಿಂಗಳಿಗೆ ಏರಿದರೂ ಬದುಕಿದ ಅವಧಿ 16.7 ಮತ್ತು 16.8 ತಿಂಗಳು, ಅಂದರೆ ವ್ಯತ್ಯಾಸವೇ ಇಲ್ಲ. ನಾಳದ ಸೋರಿಕೆ ನಿಂತಾಗ ಎಂಆರ್‌ಐಯ ಬಿಳಿ ಭಾಗ ಮಾಸುವುದರಿಂದ ಚಿತ್ರ ಗೆಡ್ಡೆಗಿಂತ ಬೇಗ ಸುಧಾರಿಸಿದಂತೆ ಕಾಣುತ್ತದೆ ಎಂಬುದನ್ನೂ ಇಲ್ಲಿ ನೆನಪಿಡಬೇಕು. ತಮ್ಮ ವೈದ್ಯರ ಮಾತು ನನಗೂ ಸರಿಯೆನಿಸುತ್ತದೆ.

ಉತ್ತರ 2:
ನಮ್ಮ ತಾಯಿಯವರಿಗೂ ಇದೇ ಕಾಯಿಲೆ. ರೇಡಿಯೇಷನ್ ಮುಗಿದ ಏಳು ತಿಂಗಳಿಗೆ, ವಿಕಿರಣದಿಂದ ಸತ್ತ ಅಂಗಾಂಶದ ಸುತ್ತ ಊತ ಕಾಣಿಸಿಕೊಂಡಿತು. ಊತ ಇಳಿಸುವ ಸ್ಟೆರಾಯ್ಡ್ ಆದ ಡೆಕ್ಸಾಮೆಥಸೋನ್‌ನಿಂದ ಸಕ್ಕರೆ ಏರಿ, ತೊಡೆಯ ಬಲ ಕುಂದಿ, ಕುರ್ಚಿಯಿಂದ ಏಳಲು ಇಬ್ಬರು ಹಿಡಿಯಬೇಕಾಗುತ್ತಿತ್ತು. ಆಗ ಎರಡು ವಾರಕ್ಕೊಮ್ಮೆ ಬೆವಾಸಿಜುಮ್ಯಾಬ್ ಕೊಟ್ಟರು. ಸ್ಟೆರಾಯ್ಡ್ ಇಳಿಸಲು ಸಾಧ್ಯವಾಯಿತು, ನಾಲ್ಕನೆಯ ಡೋಸ್ ಆದಮೇಲೆ ಅಮ್ಮ ಗೋಡೆ ಹಿಡಿಯದೆ ಬಚ್ಚಲಿಗೆ ನಡೆದು ಹೋದರು. ಪ್ರತಿ ಸಲವೂ ಮೊದಲು ಬಿಪಿ ನೋಡಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಒಮ್ಮೆ ಬಿಪಿ 170/100 ಇದ್ದುದರಿಂದ ಇಂಜೆಕ್ಷನ್ ಕೊಡದೆ ವಾಪಸ್ಸು ಕಳುಹಿಸಿದರು. ಆ ದಿನ ನನಗೆ ಬೇಸರವಾಗಿತ್ತು, ಈಗ ಅದು ಸರಿಯೆನಿಸುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಅಂದರೆ ಮುಂದೆ ಬೇಕಾಗಬಹುದು, ಈಗಲ್ಲ ಎಂದು ತಿಳಿಯಬಹುದೇ?

ಉತ್ತರ 1:
ಹೌದು. ಇನ್ನೊಂದು ಕಾರಣವೂ ಇದೆ: ಈ ಔಷಧ ಗಾಯ ಮಾಯುವುದನ್ನು ತಡೆಯುವುದರಿಂದ ದೊಡ್ಡ ಆಪರೇಷನ್ ಆದ ಮೇಲೆ ಕನಿಷ್ಠ 28 ದಿನ ಕಳೆದು, ಹೊಲಿಗೆ ಪೂರ್ತಿ ಮಾಗಿರಬೇಕು, ತಮ್ಮ ಮಾವನವರಿಗೆ ಆಗಿರುವುದು ಮೂರೇ ವಾರ. ರೇಡಿಯೇಷನ್ ನಡೆಯುವಾಗ ತಲೆನೋವು, ವಾಂತಿ, ಮಂಪರು ಹೆಚ್ಚಿದರೆ ಅಥವಾ ಸ್ಟೆರಾಯ್ಡ್ ಇಳಿಸಲು ಆಗದಿದ್ದರೆ ಆಗ ಇದೇ ಪ್ರಶ್ನೆಯನ್ನು ವೈದ್ಯರ ಮುಂದೆ ಮತ್ತೆ ಇಡಿ.