ಅಸಿಟಿಕ್ ಆಮ್ಲದ ವಾಹಕತೆ ಹೆಚ್ಚು ಬರ್ತಿದೆ, ಯಾಕೆ?

ಪ್ರಶ್ನೆ (ತೀರ್ಥಹಳ್ಳಿ): 0.001 ಮೋಲಾರ್ ಅಸಿಟಿಕ್ ಆಮ್ಲ 25 ಡಿಗ್ರಿಯಲ್ಲಿ ಸೆಂ.ಮೀ.ಗೆ ಸುಮಾರು 49 ಮೈಕ್ರೊಸೀಮೆನ್ಸ್ ತೋರಿಸಬೇಕು. ನಮ್ಮ ಮೀಟರಲ್ಲಿ 60. ವಿಯೋಜನ ಸ್ಥಿರಾಂಕ (ಆಮ್ಲ ಎಷ್ಟರ ಮಟ್ಟಿಗೆ ಅಯಾನುಗಳಾಗಿ ಒಡೆಯುತ್ತೆ ಅನ್ನೋ ಅಳತೆ) 1.8×10⁻⁵ ಬದಲು 2.8×10⁻⁵ ಬರ್ತಿದೆ. ಎಲ್ಲಿ ತಪ್ಪಿದೆ ಸಾರ್?

ಉತ್ತರ (ಶಿವಮೊಗ್ಗ): ಮೊದಲು ಡಿಸ್ಟಿಲ್ಡ್ ವಾಟರ್ ಒಂದನ್ನೇ ಅಳೆಯಿರಿ. 2 ಮೈಕ್ರೊಸೀಮೆನ್ಸ್ ದಾಟಿದರೆ ಆ ನೀರು ಬೇಡ. ಗಾಳಿಯ ಕಾರ್ಬನ್ ಡೈಆಕ್ಸೈಡಿಂದ ಬಂದ 1ರಷ್ಟನ್ನು ಕಳೆಯಬೇಡಿ; ಆಮ್ಲ ಇರುವಾಗ ಅದು ಹೆಚ್ಚುಕಮ್ಮಿ ಅಯಾನಾಗುವುದೇ ಇಲ್ಲ.

ಉತ್ತರ (ಸಾಗರ): ನನಗೆ ಅನುಮಾನ ಸೆಲ್ ಮೇಲೆ, ಅಂದರೆ ದ್ರಾವಣಕ್ಕೆ ಅದ್ದುವ ಪ್ಲೇಟುಗಳಿರೋ ಭಾಗದ ಮೇಲೆ. ಕ್ಯಾಲಿಬ್ರೇಷನ್ನಿನ 0.01 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ 1413 ತೋರಿಸುತ್ತೆ. ಪ್ಲೇಟುಗಳ ನಡುವೆ ಅಂಟಿದ ಅದರ 0.2 ಮಿ.ಲೀ. ನಿಮ್ಮ 25 ಮಿ.ಲೀ. ಆಮ್ಲಕ್ಕೆ ಸೇರಿದರೂ 11 ಏರುತ್ತೆ, ಲೆಕ್ಕ ಸರಿಹೋಯ್ತಲ್ಲ! ಅಳೆಯುವ ಆಮ್ಲದಲ್ಲೇ ಮೂರು ಸಲ ತೊಳೆಯಿರಿ. ಮಳೆಗಾಲದಲ್ಲಿ ಆಮ್ಲ, ಪೊಟ್ಯಾಸಿಯಂ ಕ್ಲೋರೈಡ್ ಎರಡನ್ನೂ 25 ಡಿಗ್ರಿಯ ವಾಟರ್ ಬಾತಲ್ಲಿಡಿ. 20 ಡಿಗ್ರಿಯಲ್ಲಿ ಆ 1413 ಅನ್ನೋದು 1278 ಅಷ್ಟೇ.