ಸಹಾಯ ಬೇಕು: ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಎದುರಿನವರ ಮುಖ ಸ್ಪಷ್ಟ, ಕೈಯಲ್ಲಿರುವ ಮೊಬೈಲ್ ಮಸುಕು

ವಯಸ್ಸು 42, ಕನ್ನಡಕದ ಪವರ್ ಎರಡೂ ಕಣ್ಣಿಗೆ -6.00, ಸಿಲಿಂಡರ್ (ಅಸ್ಟಿಗ್ಮ್ಯಾಟಿಸಂಗೆ ಕೊಡುವ ಪವರ್) ಇಲ್ಲ. ಕನ್ನಡಕ ಕಣ್ಣಿನಿಂದ ಸುಮಾರು 12 ಮಿ.ಮೀ. ಮುಂದೆ ಕೂರುವುದರಿಂದ ಲೆನ್ಸ್‌ಗೆ ಲೆಕ್ಕ -5.60 ಬರುತ್ತದೆ; ಕೊಟ್ಟಿರುವುದು -5.50, ತಿಂಗಳಿಗೊಮ್ಮೆ ಬದಲಿಸುವ ಲೆನ್ಸ್.

ದೂರದ ನೋಟ ಚೆನ್ನಾಗಿದೆ. ಮೈನಸ್ ಕನ್ನಡಕ ಎಲ್ಲವನ್ನೂ ಕುಗ್ಗಿಸಿ ತೋರಿಸುತ್ತದೆ, ಲೆನ್ಸ್‌ನಲ್ಲಿ ಅದು ತೀರಾ ಕಡಿಮೆ. ಹಾಗಾಗಿ ಮುಖಗಳು ತುಸು ದೊಡ್ಡದಾಗಿ, ಹತ್ತಿರ ಸರಿದಂತೆ ಕಾಣುತ್ತವೆ. ನಮ್ಮ ಕಣ್ಣೂ ಎದುರಿನವರಿಗೆ ದೊಡ್ಡದಾಗಿ ಕಾಣುತ್ತದೆ. ಇಷ್ಟು ವರ್ಷ ಅಳತೆ ತಪ್ಪಿದ್ದು ಎರಡೂ ಕಡೆ!

ತೊಂದರೆ 35-40 ಸೆಂ.ಮೀ. ದೂರದಲ್ಲಿ. ಮೈನಸ್ ಕನ್ನಡಕದಲ್ಲಿ ಹತ್ತಿರದ್ದನ್ನು ನೋಡಲು ಕಣ್ಣು ಕಡಿಮೆ ಫೋಕಸ್ ಮಾಡಿದರೆ, ಕಡಿಮೆ ಒಳಮುಖವಾಗಿ ತಿರುಗಿದರೆ ಸಾಕು. ಲೆನ್ಸ್‌ನಲ್ಲಿ ಆ ರಿಯಾಯಿತಿ ಇಲ್ಲ. ನಲವತ್ತು ದಾಟಿ ಕಣ್ಣಿನ ಫೋಕಸ್ ಶಕ್ತಿ ಕುಗ್ಗಿದ ಮೇಲೆ ಇದು ತಲೆನೋವಾಗಿ ತಿರುಗುತ್ತದೆ.

ಮುಂದಿರುವ ದಾರಿಗಳು: ಲೆನ್ಸ್ ಮೇಲೆ +1.00 ಓದುವ ಕನ್ನಡಕ. ಮೋನೋವಿಷನ್, ಅಂದರೆ ಒಂದು ಕಣ್ಣು ದೂರಕ್ಕೆ, ಇನ್ನೊಂದು ಹತ್ತಿರಕ್ಕೆ: ಪ್ರಬಲವಲ್ಲದ (ನೋಟದಲ್ಲಿ ಮುಂದಾಳಲ್ಲದ) ಕಣ್ಣಿಗೆ -4.50. ಕಡಿಮೆ ಆಡ್‌ನ (ಹತ್ತಿರಕ್ಕೆಂದು ಸೇರಿಸುವ ಪ್ಲಸ್ ಪವರ್) ಮಲ್ಟಿಫೋಕಲ್, ಅಂದರೆ ಒಂದೇ ಲೆನ್ಸ್‌ನಲ್ಲಿ ದೂರ, ಹತ್ತಿರ ಎರಡರ ಪವರ್. ಮೋನೋವಿಷನ್‌ನಲ್ಲಿ ಆಳದ ಅಂದಾಜು ಕುಗ್ಗುತ್ತದೆ, ರಾತ್ರಿ ಗಾಡಿ ಓಡಿಸುವವರಿಗೆ ಅದು ಸಣ್ಣ ವಿಷಯವಲ್ಲ. ಮಲ್ಟಿಫೋಕಲ್‌ನಲ್ಲಿ ಮಂದ ಬೆಳಕಿದ್ದಾಗ ಅಕ್ಷರಕ್ಕೆ ನೆರಳು ಬರಬಹುದು.

ಬಳಸಿದವರು, ಆಪ್ಟೋಮೆಟ್ರಿಸ್ಟ್‌ಗಳು ದಯವಿಟ್ಟು ತಿಳಿಸಿ: ಯಾವುದಕ್ಕೆ ಹೊಂದಿಕೊಂಡಿರಿ, ಎಷ್ಟು ವಾರ ಬೇಕಾಯಿತು? ಸಂಜೆ ಬೆಳಕಲ್ಲಿ ಮೇಜಿನಾಚೆ ಕೂತವರ ಮುಖಭಾವ ಸ್ಪಷ್ಟವಾಗಿ ಸಿಗುತ್ತದೆಯೇ? ಮಲ್ಟಿಫೋಕಲ್‌ಗೆ ಹಣ ಕಟ್ಟುವ ಮುನ್ನ ಟ್ರಯಲ್ ಜೋಡಿಯನ್ನು ಮನೆಗೆ ಕೊಡುತ್ತಾರೆಯೇ?

ಲೇಸಿಕ್ ಸಲಹೆ ಬೇಡ. ಲೆನ್ಸ್‌ಗೆ ನಲ್ಲಿ ನೀರು ತಾಗಿಸಬಾರದು, ಹಾಕಿಕೊಂಡು ಮಲಗಬಾರದು, ಕೆಂಪಾದರೆ ತೆಗೆದು ವೈದ್ಯರ ಬಳಿ ಹೋಗಬೇಕು ಎಂಬುದು ಗೊತ್ತಿದೆ.