ಸೇವೆಗೆ ಹೋಗಬೇಕಾ, ಕೆಲಸದಲ್ಲೇ ಇರಬೇಕಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ (ಶಿವಮೊಗ್ಗದ ಯುವಕ): ಡಿಪ್ಲೊಮಾ ಮುಗಿಸಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಯೌವನಸ್ಥರ ಕ್ಯಾಂಪಿನಲ್ಲಿ "ಪೂರ್ಣಾವಧಿ ಸೇವೆಗೆ (ಪಾಸ್ಟರರಂತೆ ಸಭೆಯ ಕೆಲಸಕ್ಕೇ) ಒಪ್ಪಿಸಿಕೊಡುವವರು ನಿಲ್ಲಿ" ಅಂದಾಗ ಎದ್ದು ನಿಂತೆ. ಈಗ ಕೆಲಸ ಬಿಟ್ಟು ಥಿಯಾಲಜಿ (ದೇವಶಾಸ್ತ್ರ) ಓದಬೇಕಾ ಅಂತ ಗೊತ್ತಾಗುತ್ತಿಲ್ಲ. ಮನೆಯಲ್ಲಿ ಅಮ್ಮ ಒಬ್ಬರೇ. ದೇವರ ಕರೆ ನಿಮಗೆ ಹೇಗೆ ತಿಳಿಯಿತು?

ಸಭಾ ಹಿರಿಯರು, ಉಡುಪಿ: ತಮ್ಮಾ, ನಿಂತದ್ದು ಒಳ್ಳೆಯದೇ. ಆದರೆ ಈಗಲೇ ರಾಜೀನಾಮೆ ಬರೆಯಬೇಡ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 13ನೇ ಅಧ್ಯಾಯ ಓದು. ಬಾರ್ನಬ, ಸೌಲರಿಗೆ ಕರೆ ಬಂದಾಗ ಅವರು ಅಂತಿಯೋಕ್ಯ ಪಟ್ಟಣದ ಕ್ರೈಸ್ತ ಸಭೆಯಲ್ಲಿ ಆಗಲೇ ದುಡಿಯುತ್ತಿದ್ದರು. ಜೊತೆಗಿದ್ದವರೇ ಉಪವಾಸವಿದ್ದು, ಪ್ರಾರ್ಥಿಸಿ, ಕೈಯಿಟ್ಟು ಕಳುಹಿಸಿದರು. ಒಬ್ಬನೇ ಕೂತು ತೀರ್ಮಾನ ಮಾಡಿದ ಕಥೆ ಅಲ್ಲ ಅದು.

ನಮ್ಮ ಸಭೆಯ ಒಬ್ಬ ಹುಡುಗನಿಗೆ ಪ್ರಸಂಗ ಮಾಡುವ ಆಸೆ. ಅಯ್ಯನವರು (ನಮ್ಮ ಪಾಸ್ಟರ್) ಅವನನ್ನು ಕಾಯಿಲೆಯವರ ಮನೆಗಳಿಗೆ ಕಳುಹಿಸಿದರು. ಹಾಸಿಗೆ ಹಿಡಿದ ಒಬ್ಬ ಅಜ್ಜಿಗೆ ಕೀರ್ತನೆ ಓದುತ್ತಿದ್ದ, ಗಂಜಿ ಕುಡಿಸುತ್ತಿದ್ದ, ಮಾತ್ರೆ ಮುಗಿದರೆ ತಂದುಕೊಡುತ್ತಿದ್ದ. ಯಾರೂ ನೋಡುತ್ತಿರಲಿಲ್ಲ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅಜ್ಜಿಯ ಮಗಳೇ "ಇವನನ್ನು ಓದಲು ಯಾಕೆ ಕಳುಹಿಸಬಾರದು?" ಅಂತ ಎಲ್ಲರ ಮುಂದೆ ಕೇಳಿದರು. ಈಗ ಅವನು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿದ್ದಾನೆ. ನೀನೂ ಮೊದಲು ಸಂಡೇ ಸ್ಕೂಲೋ, ಆಸ್ಪತ್ರೆ ಭೇಟಿಯೋ, ಒಂದು ಕೆಲಸ ಹಿಡಿ. ನಿನ್ನನ್ನು ನೋಡಿದವರು ಏನು ಹೇಳುತ್ತಾರೆ ಕೇಳು. ಬೈಬಲಿನ ಬಾಲಕ ಸಮುವೇಲನಿಗೂ ದೇವರ ಧ್ವನಿ ಗುರುತಿಸಲು ಯಾಜಕ ಏಲಿ ಬೇಕಾಯಿತು, ಅಲ್ವಾ?

ನರ್ಸ್, ಕೋಲಾರ: ಪಾಸ್ಟರ್ ಆದರೆ ಮಾತ್ರ ಕರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನ ಕರೆ ವಾರ್ಡಿನಲ್ಲೇ ಇದೆ. ರಾತ್ರಿ ಪಾಳಿಯಲ್ಲಿ ನೋವು ತಾಳದೆ ಬೈಯುವವರ ಬ್ಯಾಂಡೇಜ್ ಬದಲಿಸುವಾಗ ನನಗೆ ಆ ಬಗ್ಗೆ ಅನುಮಾನವೇ ಬರುವುದಿಲ್ಲ.

ಮಂಗಳೂರಿನಿಂದ: ನಮ್ಮ ಹಿರಿಯರು ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಕ್ರೈಸ್ತರಾದ ಮೇಲೆ ಮನೆ, ಕೆಲಸ ಎರಡೂ ಕಳೆದುಕೊಂಡವರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ನೇಯ್ಗೆ ಕಲಿಸಿತು. 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆಯಿತು. ಮಣ್ಣು ತುಳಿದವರೇ ಸಭೆ ಕಟ್ಟಿದರು. ನಿನ್ನ ಕಾರ್ಖಾನೆಯನ್ನು ಸುಮ್ನೆ ಸಂಬಳದ ಜಾಗ ಅಂತ ನೋಡಬೇಡ.

ಕಥೋಲಿಕ ಶಿಕ್ಷಕಿ, ಮೈಸೂರು: ಯೇಸುಸಭೆ ಕಟ್ಟಿದ ಲೊಯೋಲದ ಸಂತ ಇಗ್ನೇಷಿಯಸ್ ಅವರ ಒಂದು ನಿಯಮ ನನಗೆ ಬಹಳ ಸಹಾಯ ಮಾಡಿದೆ. ಮನಸ್ಸು ಕುಗ್ಗಿದಾಗ ಹಿಂದಿನ ತೀರ್ಮಾನ ಬದಲಿಸಬಾರದು. ಮೇಲಧಿಕಾರಿ ಬೈದ ದಿನ "ನನಗೆ ಸೇವೆಯ ಕರೆ ಇದೆ" ಅಂತ ಜಾಸ್ತಿ ಅನಿಸಿದರೆ ಸ್ವಲ್ಪ ತಡೆದು ನೋಡು.

ಒಬ್ಬ ಪಾಸ್ಟರಮ್ಮ: ಎಲ್ಲರೂ ಹೇಳಿದರು, ಅಮ್ಮನ ವಿಷಯ ಯಾರೂ ಎತ್ತಲಿಲ್ಲ. ಶಿಲುಬೆಯ ಮೇಲಿದ್ದಾಗಲೂ ಯೇಸು ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದರು. ಬಿ.ಡಿ. (ದೇವಶಾಸ್ತ್ರದ ಪದವಿ) ಓದು ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ ಮಗಾ. ಅಷ್ಟು ದಿನ ಬಾಡಿಗೆ, ಔಷಧಿ, ರೇಷನ್ ಯಾರು ನೋಡಿಕೊಳ್ಳುತ್ತಾರೆ? ಅದನ್ನು ಒಂದು ಹಾಳೆಯಲ್ಲಿ ಬರೆದುಕೋ. ಅಮ್ಮನನ್ನೂ ಕರೆದುಕೊಂಡು ನಿಮ್ಮ ಪಾಸ್ಟರ್ ಹತ್ತಿರ ಹೋಗಿ ಕೂತು ಮಾತಾಡು.